ಮಗಳ ಫಿಟ್ಸ್‌ಗೆ ಯಾವ ಪ್ರಾಧ್ಯಾಪಕರನ್ನು ಕಾಣಬೇಕು?

ಪ್ರಶ್ನೆ: ಹನ್ನೊಂದು ವರ್ಷದ ಮಗಳಿಗೆ ಎರಡು ಬಗೆಯ ಮಾತ್ರೆ ಕೊಟ್ಟರೂ ಫಿಟ್ಸ್ ನಿಂತಿಲ್ಲ. ವೈದ್ಯಕೀಯ ಕಾಲೇಜೊಂದರ ಜಾಲತಾಣದಲ್ಲಿ ಒಬ್ಬ ಪ್ರಾಧ್ಯಾಪಕರ ಹೆಸರಿನ ಕೆಳಗೆ 'ಚಿಕಿತ್ಸಾ ಆಸಕ್ತಿ: ಅಪಸ್ಮಾರ' (ಅಂದರೆ ಫಿಟ್ಸ್ ಕಾಯಿಲೆ) ಎಂದಿದೆ, ಇನ್ನೊಬ್ಬರ ಕೆಳಗೆ 'ಸಂಶೋಧನಾ ಆಸಕ್ತಿ: ಅಪಸ್ಮಾರ' ಎಂದಿದೆ. ಎರಡನೆಯವರ ಲೇಖನಗಳೇ ಹೆಚ್ಚು. ಯಾರ ಬಳಿ ಹೋಗಲಿ?
– ಓದುಗರು, ಹಾಸನ ಜಿಲ್ಲೆ

ಉತ್ತರ: ಮೊದಲನೆಯವರ ಬಳಿ ಹೋಗಿ. ಚಿಕಿತ್ಸಾ ಆಸಕ್ತಿ ಎಂದು ಬರೆದುಕೊಂಡವರು ಸಾಮಾನ್ಯವಾಗಿ ಅಂಥ ರೋಗಿಗಳನ್ನೇ ಹೆಚ್ಚು ನೋಡುತ್ತಾರೆ. ಸಂಶೋಧನಾ ಆಸಕ್ತಿಯ ವ್ಯಾಪ್ತಿ ದೊಡ್ಡದು: ಅದು ಪ್ರಯೋಗಾಲಯದ ಇಲಿಯ ಮಿದುಳಿನ ಅಧ್ಯಯನವೂ ಆಗಿರಬಹುದು, ವಂಶವಾಹಿಗಳ ಹುಡುಕಾಟವೂ ಆಗಿರಬಹುದು. ಬಡ್ತಿಗೆ ಪ್ರಕಟಣೆಗಳು ಬೇಕೇಬೇಕು ಎಂಬ ನಿಯಮವಿರುವುದರಿಂದ ಲೇಖನಗಳ ಎಣಿಕೆಯೊಂದನ್ನೇ ನಂಬುವಂತಿಲ್ಲ.

ಹಾಗೆಂದು ಎರಡೂ ಬೇರೆ ಬೇರೆ ಲೋಕಗಳೇನಲ್ಲ. ಬಿಸಿನೀರು ತಲೆಗೆ ಹೊಯ್ದುಕೊಂಡಾಗ ಬರುವ ಫಿಟ್ಸ್ ನಮ್ಮ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚು. ಒಪಿಡಿಯಲ್ಲಿ ಮತ್ತೆ ಮತ್ತೆ ಕಂಡ ಇಂಥ ರೋಗಿಗಳಿಂದಲೇ ಬೆಂಗಳೂರಿನ ನರರೋಗ ತಜ್ಞರ ಅಧ್ಯಯನ ಹುಟ್ಟಿತು. 1988ರಲ್ಲಿ 279 ಜನರ ವರದಿ ಪ್ರಕಟವಾಯಿತು. ನೀರಿನ ಬಿಸಿ ಇಳಿಸುವುದು, ತಲೆಸ್ನಾನಕ್ಕೆ ಮುಂಚೆ ವೈದ್ಯರು ಹೇಳಿದ ಕ್ಲೋಬಜಾಮ್ ಮಾತ್ರೆ ಕೊಡುವುದು – ಇಷ್ಟರಲ್ಲೇ ಹಲವರಿಗೆ ಹತೋಟಿ ಸಿಗುತ್ತದೆ. ನಿಮ್ಮ ಮಗಳಿಗೆ ಸ್ನಾನದ ಹೊತ್ತಿಗೆ ಬರುತ್ತದೆಯೇ ಎಂಬುದನ್ನು ಮರೆಯದೆ ತಿಳಿಸಿ.

ಎರಡನೆಯವರ ಲೇಖನಗಳ ಪಟ್ಟಿ, ಸಾರಾಂಶಗಳನ್ನು ನೀವೇ ಪಬ್‌ಮೆಡ್ ಎಂಬ ವೈದ್ಯಕೀಯ ಲೇಖನಗಳ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಹೆಸರು, ಇನಿಷಿಯಲ್, ಜೊತೆಗೆ ಊರಿನ ಹೆಸರು ಹಾಕಿ. ಊರು ಹಾಕದಿದ್ದರೆ ಒಂದೇ ಹೆಸರಿನ ನಾಲ್ಕಾರು ಜನರ ಲೇಖನಗಳು ಬೆರೆತು ಬರುತ್ತವೆ. ನಮ್ಮ ಕಡೆ ಇನಿಷಿಯಲ್ ಹಿಂದೆ ಮುಂದೆ ಆಗುವುದರಿಂದ ಎರಡೂ ರೀತಿ ಹುಡುಕಬೇಕು. ಕಳೆದ ಐದು ವರ್ಷದವುಗಳನ್ನು ಮಾತ್ರ ನೋಡಿ. ಲೇಖಕರ ಸಾಲಿನಲ್ಲಿ ಮೊದಲ ಹೆಸರು ಸಾಮಾನ್ಯವಾಗಿ ಕೆಲಸ ಮಾಡಿದವರದು, ಕೊನೆಯದು ಮಾರ್ಗದರ್ಶಕರದು. ಒಬ್ಬ ರೋಗಿಯ ವರದಿಗಿಂತ, ಮಕ್ಕಳ ಫಿಟ್ಸ್ ಬಗ್ಗೆ ವರ್ಷಗಟ್ಟಲೆ ಒಂದೇ ಜಾಡಿನಲ್ಲಿ ಬಂದ ಅಧ್ಯಯನಗಳಿಗೆ ಹೆಚ್ಚು ಬೆಲೆ ಕೊಡಿ. ಕಾಲೇಜಿನ ಪುಟ ಹಳೆಯದಾಗಿದ್ದು, ಆ ವೈದ್ಯರು ವರ್ಗವಾಗಿ ಹೋಗಿರುವುದೂ ಉಂಟು. ಫೋನ್ ಮಾಡಿ ಒಪಿಡಿ ದಿನ ಕೇಳಿಕೊಂಡೇ ಹೊರಡಿ.

ಫೋನಿನಲ್ಲೇ ಇನ್ನೊಂದು ವಿಷಯ ವಿಚಾರಿಸಿ: ಅಲ್ಲಿ ವಿಡಿಯೊ ಇಇಜಿ (ಮಿದುಳಿನ ವಿದ್ಯುತ್ ಅಲೆಗಳನ್ನೂ ರೋಗಿಯ ವಿಡಿಯೊವನ್ನೂ ಒಟ್ಟಿಗೆ ದಾಖಲಿಸುವ ಪರೀಕ್ಷೆ) ಇದೆಯೇ, ಅಪಸ್ಮಾರದ ಶಸ್ತ್ರಚಿಕಿತ್ಸೆ ಮಾಡುವ ತಂಡವಿದೆಯೇ? ನನ್ನ ಮಟ್ಟಿಗೆ ಪ್ರಾಧ್ಯಾಪಕರ ಹೆಸರಿಗಿಂತ ಇದೇ ಮುಖ್ಯ. ಸರಿಯಾಗಿ ಆರಿಸಿದ ಎರಡು ಔಷಧಗಳನ್ನು ಸಾಕಷ್ಟು ಪ್ರಮಾಣದಲ್ಲಿ ಕೊಟ್ಟರೂ ಫಿಟ್ಸ್ ನಿಲ್ಲದಿದ್ದರೆ ಅದನ್ನು ಔಷಧಕ್ಕೆ ಬಗ್ಗದ ಅಪಸ್ಮಾರ ಎನ್ನುತ್ತಾರೆ. ಆಗ ಮೂರನೆಯ, ನಾಲ್ಕನೆಯ ಮಾತ್ರೆಗಾಗಿ ವರ್ಷ ಕಳೆಯದೆ ಶಸ್ತ್ರಚಿಕಿತ್ಸೆಯ ಸಾಧ್ಯತೆಯನ್ನೂ ಪರೀಕ್ಷಿಸಬೇಕು. ಆದರೆ ಆ ಹೆಸರು ಅಂಟಿಸುವ ಮುಂಚೆ ಮಾತ್ರೆಯ ಆಯ್ಕೆ, ಪ್ರಮಾಣ ಸರಿಯಿತ್ತೇ ಎಂಬ ಪ್ರಶ್ನೆ ಇದೆ. ಕೆಲವು ಬಗೆಯ ಫಿಟ್ಸ್‌ಗೆ ಕಾರ್ಬಮಜೆಪಿನ್ ಎಂಬ ಮಾತ್ರೆ ಕೊಟ್ಟರೆ ಅವು ಹೆಚ್ಚಬಹುದು. ತೂಕ ಏರಿದ ಮಗುವಿಗೆ ಹಳೆಯ ಪ್ರಮಾಣವೇ ಮುಂದುವರಿದಿರುವುದೂ ಸಾಮಾನ್ಯ. ಆದ್ದರಿಂದ ಪ್ರತಿ ಮಾತ್ರೆಯ ಹೆಸರು, ಮಿಲಿಗ್ರಾಂ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಆಗಿನ ತೂಕ – ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಎಂಆರ್‌ಐ ವರದಿಯ ಜೊತೆ ಸಿಡಿಯೂ ಇರಲಿ; ಮಾಮೂಲಿ ಓದಿನಲ್ಲಿ ತಪ್ಪಿಹೋದ ಸಣ್ಣ ದೋಷ ಅಪಸ್ಮಾರ ತಜ್ಞರ ಕಣ್ಣಿಗೆ ಬೀಳಬಹುದು. ಮುಂದೆ ಫಿಟ್ಸ್ ಬಂದಾಗ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಇನ್ನೊಬ್ಬರು ಮೊಬೈಲಿನಲ್ಲಿ ಇಡೀ ದೇಹ ಕಾಣುವಂತೆ ಚಿತ್ರಿಸಲಿ. ಕಣ್ಣು ತೆರೆದಿದೆಯೇ, ಯಾವ ಕೈ ಮೊದಲು ಸೆಟೆಯಿತು ಎಂಬುದು ತಜ್ಞರಿಗೆ ದೊಡ್ಡ ಸುಳಿವು. ಐದು ನಿಮಿಷ ದಾಟಿದರೆ ಚಿತ್ರೀಕರಣ ಬಿಟ್ಟು ಆಸ್ಪತ್ರೆಗೆ ಓಡಿ.

ಸಂಶೋಧಕರು ಬೇಕಾಗುವುದು ಕಾಯಿಲೆ ಅಪರೂಪದ್ದಾದಾಗ ಅಥವಾ ಹೊಸ ಔಷಧದ ಪ್ರಯೋಗಕ್ಕೆ ಸೇರುವಾಗ. ಅಂಥ ಪ್ರಯೋಗ ಭಾರತೀಯ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ (ಔಷಧ ಪ್ರಯೋಗಗಳನ್ನು ದಾಖಲಿಸುವ ಜಾಲತಾಣ) ನೋಂದಣಿಯಾಗಿದೆಯೇ, ಇನ್ನೂ ರೋಗಿಗಳನ್ನು ಸೇರಿಸಿಕೊಳ್ಳುತ್ತಿದೆಯೇ, ವಯಸ್ಸಿನ ಮಿತಿ ಎಷ್ಟು ಎಂದು ಅಲ್ಲೇ ನೋಡಿ. ಪ್ರಯೋಗದ ಪರೀಕ್ಷೆಗಳಿಗೆ ನೀವು ಹಣ ಕೊಡಬೇಕಿಲ್ಲ, ಯಾವಾಗ ಬೇಕಾದರೂ ಹೊರಬರಬಹುದು. ನಿಮ್ಮ ಸಹಿಯ ಜೊತೆ ಮಗಳ ಒಪ್ಪಿಗೆಯನ್ನೂ ಕೇಳಲೇಬೇಕು.

ಭೇಟಿಯ ದಿನ ಬೆಳಗಿನ ಮಾತ್ರೆ ತಪ್ಪಿಸಬೇಡಿ. ಪರೀಕ್ಷೆಗಾಗಿ ಮಾತ್ರೆ ಇಳಿಸಬೇಕಾದರೆ ಅವರೇ ವಾರ್ಡಿಗೆ ಸೇರಿಸಿಕೊಂಡು ಇಳಿಸುತ್ತಾರೆ.

– ಸಂ.