ಇಂಜಿನ್ ಬಿಸಿಯಾದ ಮೇಲೆ ಹಳೇ ಕಾರು ಎಳೆಯುತ್ತಿಲ್ಲ, ಎಲ್ಲಿಂದ ಹುಡುಕಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. 2003ರ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಸಿಂಪಡಿಸುವ) ಕಾರು, ಆಮೇಲೆ ಹಾಕಿಸಿದ ಸಿಎನ್‌ಜಿ ಕಿಟ್. ಬೆಳಿಗ್ಗೆ ಪುಣೆಯ ಕೋಥ್ರೂಡ್‌ನಿಂದ ಹೊರಟಾಗ ಚೆನ್ನಾಗಿ ಓಡುತ್ತದೆ. ಅರ್ಧ ಗಂಟೆಯ ಮೇಲೆ ಕಾತ್ರಜ್ ಘಾಟ್ ಹತ್ತುವಾಗ ಆಕ್ಸಲರೇಟರ್ ಪೂರ್ತಿ ಒತ್ತಿದರೂ ಎಳೆಯುವುದಿಲ್ಲ. ಪಕ್ಕಕ್ಕೆ ನಿಲ್ಲಿಸಿ ಚಹಾ ಕುಡಿದು ಬಂದರೆ ಮತ್ತೆ ಸರಿ. ಟೆಂಪರೇಚರ್ ಮುಳ್ಳು ಯಾವಾಗಲೂ ನಡುವಿನಲ್ಲೇ ಇರುತ್ತದೆ. ಗ್ಯಾರೇಜಿನವರು ಪ್ಲಗ್ ಮತ್ತು ಎರಡೂ ಫಿಲ್ಟರ್ ಬದಲಿಸಿ ಆಯ್ತು, ಈಗ ಪ್ಲಗ್‌ಗೆ ಕಿಡಿಯ ವೋಲ್ಟೇಜ್ ಕೊಡುವ ಕಾಯಿಲ್ ಬದಲಿಸೋಣ ಅನ್ನುತ್ತಿದ್ದಾರೆ.

ಕಾಯಿಲ್‌ಗೆ ಈಗಲೇ ದುಡ್ಡು ಹಾಕಬೇಡಿ. ಅದೇ ಕೆಟ್ಟಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ನೀವು ಸಂಜೆ ಗಾಡಿ ಬಿಟ್ಟು ಬರುತ್ತೀರಿ, ಅವರು ಮರುದಿನ ಬೆಳಿಗ್ಗೆ ತಣ್ಣಗಿರುವ ಇಂಜಿನ್ ನೋಡುತ್ತಾರೆ. ಆಗ ಅದರಲ್ಲಿ ಏನೂ ತೊಂದರೆ ಇರುವುದಿಲ್ಲ. ತೊಂದರೆ ಇಲ್ಲದ ಹೊತ್ತಿನಲ್ಲಿ ತೊಂದರೆ ಹುಡುಕಿದರೆ ಅಂದಾಜಿನ ಮೇಲೆ ಪಾರ್ಟ್ ಬದಲಿಸುವುದೊಂದೇ ದಾರಿ, ಅಲ್ವಾ? ಗಾಡಿ ಎಳೆಯದೆ ಇರುವ ಹೊತ್ತಿನಲ್ಲೇ ಅದನ್ನು ಹಿಡಿಯಬೇಕು.

ನೀವು ಹೇಳದೆ ಬಿಟ್ಟ ಮಾತೊಂದಿದೆ. ಘಾಟಿನಲ್ಲಿ ಗಾಡಿ ಪೆಟ್ರೋಲಿನಲ್ಲಿತ್ತೋ ಗ್ಯಾಸಿನಲ್ಲಿತ್ತೋ? ಎರಡು ಇಂಧನ ಇರುವುದು ನಿಮಗೆ ದೊಡ್ಡ ಅನುಕೂಲ. ಬರೀ ಪೆಟ್ರೋಲ್ ಗಾಡಿಯವರಿಗೆ ಈ ಪರೀಕ್ಷೆ ಸಿಗುವುದಿಲ್ಲ. ಎಳೆತ ಬಿದ್ದ ತಕ್ಷಣ, ನಿಲ್ಲಿಸದೆ, ಡ್ಯಾಶ್‌ಬೋರ್ಡಿನ ಸ್ವಿಚ್ ಒತ್ತಿ ಇನ್ನೊಂದಕ್ಕೆ ಬದಲಿಸಿ. ಒಂದೆರಡು ನಿಮಿಷ ಅದೇ ಗೇರಿನಲ್ಲಿ ಹತ್ತಿಸಿ ನೋಡಿ. ಹಿಂದೆ ಲಾರಿ ಇಲ್ಲದಾಗ ಮಾಡಿ, ಅಷ್ಟೇ.

ಪೆಟ್ರೋಲಿನಲ್ಲಿ ಎಳೆಯುತ್ತಿಲ್ಲ, ಗ್ಯಾಸಿಗೆ ಹಾಕಿದ ಕೂಡಲೇ ಎಳೆಯಿತು ಅನ್ನಿ. ನನ್ನ ಅನುಮಾನ ನೇರವಾಗಿ ಟ್ಯಾಂಕಿನೊಳಗಿನ ಪಂಪ್ ಮೇಲೆ. ಈ ಪಂಪನ್ನು ತಣ್ಣಗಿಡುವುದು ಅದರ ಸುತ್ತಲಿನ ಪೆಟ್ರೋಲೇ. ಪುಣೆ, ಮುಂಬೈಯಲ್ಲಿ ಸಿಎನ್‌ಜಿ ಹಾಕಿಸಿದವರು ಏನು ಮಾಡುತ್ತಾರೆ? ಸ್ಟಾರ್ಟ್ ಮಾಡೋಕೆ ಸಾಕು ಅಂತ ಎರಡು ಮೂರು ಲೀಟರ್ ಇಟ್ಟುಕೊಂಡು ತಿಂಗಳುಗಟ್ಟಲೆ ಓಡಿಸುತ್ತಾರೆ. ಕೆಲವು ಹಳೇ ಕಿಟ್‌ಗಳಲ್ಲಿ ಪಂಪ್ ನಿಲ್ಲಿಸುವ ರಿಲೇ ಹಾಕಿರುವುದೇ ಇಲ್ಲ. ಗ್ಯಾಸಿನಲ್ಲಿ ಓಡುವಾಗಲೂ ಅದು ಸುಮ್ನೆ ತಿರುಗುತ್ತಲೇ ಇರುತ್ತದೆ, ಅದೂ ಅರ್ಧ ಒಣಗಿದ ಟ್ಯಾಂಕಿನಲ್ಲಿ. ಸವೆದ ಪಂಪ್ ತಣ್ಣಗಿದ್ದಾಗ ಹೇಗೋ ಪ್ರೆಶರ್ ಕೊಡುತ್ತದೆ, ಬಿಸಿಯಾದರೆ ಕೈ ಚೆಲ್ಲುತ್ತದೆ.

ನನ್ನ ಹಳೇ ಗಾಡಿಯಲ್ಲಿ ಹೀಗೇ ಆಗಿತ್ತು. ಹಿಂದಿನ ಸೀಟಿನಲ್ಲಿ ಕೂತ ಹೆಂಡತಿಗೆ ಮೊದಲು ಕೇಳಿಸಿದ್ದು. ಬೆಳಿಗ್ಗೆ ಸೀಟಿನ ಕೆಳಗಿನಿಂದ ಮೆಲ್ಲಗೆ ಬರುತ್ತಿದ್ದ ಸದ್ದು, ಖಂಬಾಟಕಿ ಘಾಟ್ ಹೊತ್ತಿಗೆ ಕಿವಿಯ ಹತ್ತಿರ ಸೊಳ್ಳೆ ಗುಂಯ್ ಅಂದ ಹಾಗೆ ಸಣ್ಣಗೆ, ಚೂಪಾಗಿ ಬದಲಾಗಿತ್ತು. ನೀವೂ ಯಾರನ್ನಾದರೂ ಹಿಂದೆ ಕೂರಿಸಿ, ಎಸಿ, ರೇಡಿಯೋ ಎಲ್ಲಾ ಬಂದ್ ಮಾಡಿ ಕೇಳಿಸಿ.

ಕಿವಿ ಸಾಕ್ಷಿ ಅಷ್ಟೇ, ತೀರ್ಪು ಗೇಜ್‌ನದು. ಘಾಟ್ ಇಳಿದು ಸೀದಾ ಗ್ಯಾರೇಜಿಗೆ ಹೋಗಿ, ಬಿಸಿ ಇರುವಾಗಲೇ ಫ್ಯೂಯಲ್ ಪ್ರೆಶರ್ ಗೇಜ್ ಹಾಕಿಸಿ. ಈ ಕಾಲದ ಹೆಚ್ಚಿನ ಎಂಪಿಎಫ್‌ಐ ಗಾಡಿಗಳಲ್ಲಿ ಸುಮಾರು 2.5ರಿಂದ 3 ಬಾರ್ ಇರಬೇಕು. ಆಕ್ಸಲರೇಟರ್ ಒತ್ತಿದಾಗ ಅದು ಇಳಿಯಬಾರದು. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಚೆಲ್ಲುವ ಕೆಲಸ ಇದು, ಮನೆಯ ಪಾರ್ಕಿಂಗಿನಲ್ಲಿ ನೀವೇ ಕೈ ಹಾಕಬೇಡಿ.

ಗೇಜಿಗೂ ಮೊದಲು ಖರ್ಚಿಲ್ಲದ ಒಂದು ಕೆಲಸವಿದೆ. ಎಳೆತ ಬಿದ್ದಾಗ ಗಾಡಿ ನಿಲ್ಲಿಸಿ ಪೆಟ್ರೋಲ್ ಕ್ಯಾಪ್ ತೆಗೆಯಿರಿ. ಜೋರಾಗಿ ಗಾಳಿ ಒಳಗೆ ಎಳೆದುಕೊಂಡು, ಕಾಯದೆಯೇ ಗಾಡಿ ಸರಿಹೋದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ. ಅದಕ್ಕೂ ಬಿಸಿಗೂ ಸಂಬಂಧವೇ ಇಲ್ಲ, ಅರ್ಧ ಗಂಟೆ ಓಡಿದ್ದಕ್ಕೆ ಸಂಬಂಧ.

ಈಗ ಉಲ್ಟಾ. ಪೆಟ್ರೋಲಿನಲ್ಲಿ ಚೆನ್ನಾಗಿದೆ, ಗ್ಯಾಸಿನಲ್ಲಿ ಮಾತ್ರ ಎಳೆಯುವುದಿಲ್ಲ. ಗ್ಯಾಸಿನಲ್ಲಿ ಸ್ವಲ್ಪ ಶಕ್ತಿ ಕಡಿಮೆ ಆಗುವುದು ಸಹಜ, ಆದರೆ ಅದು ಬೆಳಿಗ್ಗೆಯೂ ಹಾಗೇ ಇರಬೇಕು. ಬರಬರುತ್ತಾ ಬೀಳುತ್ತಿದ್ದರೆ ಬಾನೆಟ್ ಎತ್ತಿ, ಗ್ಯಾಸಿನ ಪ್ರೆಶರ್ ಇಳಿಸುವ ರೆಡ್ಯೂಸರ್ ನೋಡಿ. ಸಿಲಿಂಡರಿನಲ್ಲಿ 200 ಬಾರ್ ತನಕ ಇರುವ ಗ್ಯಾಸು ಅಲ್ಲಿ ಒಮ್ಮೆಲೇ ಪ್ರೆಶರ್ ಕಳೆದುಕೊಂಡು ತಣ್ಣಗಾಗುತ್ತದೆ. ಅದು ಹೆಪ್ಪುಗಟ್ಟದಿರಲಿ ಅಂತಲೇ ಇಂಜಿನ್ನಿನ ಬಿಸಿ ಕೂಲೆಂಟ್ ಅದರ ಮೂಲಕ ಹರಿಯುತ್ತದೆ. ಕೂಲೆಂಟ್ ಕಡಿಮೆಯಾಗಿದ್ದರೆ ಅಥವಾ ಆ ಸಣ್ಣ ಪೈಪ್ ಕಟ್ಟಿದ್ದರೆ ರೆಡ್ಯೂಸರ್ ಹಿಮ ಹಿಡಿಯುತ್ತದೆ. ನಮ್ಮ ಸೊಸೈಟಿಯ ಒಬ್ಬರ ಗಾಡಿಯಲ್ಲಿ ಮೇ ತಿಂಗಳ ಮಧ್ಯಾಹ್ನ ನಾನೇ ನೋಡಿದ್ದೇನೆ. ಪಕ್ಕದ ಇಂಜಿನ್ ಮುಟ್ಟಲಾಗದಷ್ಟು ಸುಡುತ್ತಿದೆ, ರೆಡ್ಯೂಸರ್ ಮೇಲೆ ಬೆಳ್ಳಗೆ ಪುಡಿ ಹಿಮ, ಉಗುರಿನಿಂದ ಗೀಚಿದರೆ ಉದುರುತ್ತಿತ್ತು.

ಹಿಮ ಇಲ್ಲ, ಆದರೆ ಗ್ಯಾಸಿನಲ್ಲಿ ತಡವರಿಸಿ ಜರ್ಕ್ ಹೊಡೆಯುತ್ತದೆ ಅನ್ನುವುದಾದರೆ ನಿಮ್ಮ ಗ್ಯಾರೇಜಿನವರ ಕಾಯಿಲ್ ಮಾತಿಗೆ ತೂಕ ಬರುತ್ತದೆ. ಗ್ಯಾಸಿಗೆ ಕಿಡಿ ಹಾರಿಸಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಸೊರಗಿದ ಕಾಯಿಲ್, ಬಿರುಕು ಬಿಟ್ಟ ಪ್ಲಗ್ ವೈರ್ ಮೊದಲು ಸಿಕ್ಕಿಬೀಳುವುದು ಗ್ಯಾಸಿನಲ್ಲೇ. ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿದರೆ ವೈರಿನಿಂದ ಹಾರುವ ನೀಲಿ ಕಿಡಿ ಕೆಲವೊಮ್ಮೆ ಕಣ್ಣಿಗೇ ಕಾಣುತ್ತದೆ. ಕೈ ಮಾತ್ರ ದೂರ ಇರಲಿ.

ಎರಡರಲ್ಲೂ ಒಂದೇ ಥರ ಎಳೆಯುವುದಿಲ್ಲವೇ? ಹಾಗಾದರೆ ಇಂಧನದ ವಿಷಯ ಬಹುತೇಕ ಮುಗಿಯಿತು. ಇಲ್ಲಿ ಒಂದು ಕ್ಷಣ ನಿಂತು, ತಪ್ಪು ಇಂಜಿನ್ನಿನದೇ ಹೌದಾ ಅಂತ ಕೇಳಿಕೊಳ್ಳಿ. ಇಂಜಿನ್ ಸದ್ದು ಏರುತ್ತಿದೆ, ವೇಗ ಏರುತ್ತಿಲ್ಲ ಅಂದರೆ ಕ್ಲಚ್ ಜಾರುತ್ತಿದೆ. ಸಪಾಟು ರಸ್ತೆಯಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಗಾಡಿ ಬೇಗ ನಿಂತುಬಿಡುತ್ತದೆ ಅಂದರೆ ಬ್ರೇಕ್ ಹಿಡಿದುಕೊಂಡಿದೆ. ಹಳೇ ಗಾಡಿಯ ಬ್ರೇಕ್ ರಬ್ಬರ್ ಹೋಸ್ ಒಳಗೇ ಊದಿಕೊಂಡಿರುತ್ತದೆ. ಒತ್ತಿದಾಗ ಆಯಿಲ್ ಹೋಗುತ್ತದೆ, ಬಿಟ್ಟಾಗ ಬೇಗ ವಾಪಸ್ ಬರುವುದಿಲ್ಲ. ನಿಲ್ಲಿಸಿ ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಮಾತ್ರ ಧಗಧಗ ಅಂದರೆ ಕಳ್ಳ ಅಲ್ಲಿದ್ದಾನೆ. ಹೊಸ ಕಾತ್ರಜ್ ಸುರಂಗದಿಂದ ನವಲೆ ಬ್ರಿಡ್ಜ್ ಕಡೆ ಇಳಿದ ಮೇಲೆ ಮಾತ್ರ ಈ ಪರೀಕ್ಷೆ ಬೇಡ, ಆ ಇಳಿಜಾರಿನಲ್ಲಿ ಎಲ್ಲರ ಬ್ರೇಕೂ ಬಿಸಿಯೇ.

ಅದೂ ಅಲ್ಲ ಅಂದರೆ ಸೈಲೆನ್ಸರ್ ಕಡೆ, ಅಂದರೆ ಹೊಗೆಯ ವಿಷ ಕಡಿಮೆ ಮಾಡುವ ಕೆಟಲಿಟಿಕ್ ಕನ್ವರ್ಟರ್ ಕಟ್ಟಿರಬಹುದು. ಇಂಜಿನ್ ಗಾಳಿ ಎಳೆಯುವ ಬಲ ಅಳೆಯುವ ವ್ಯಾಕ್ಯೂಮ್ ಗೇಜ್ ಹಾಕಿ 2500 ಆರ್‌ಪಿಎಂನಲ್ಲಿ ಹಿಡಿದರೆ ಮುಳ್ಳು ಸ್ಥಿರವಾಗಿರಬೇಕು. ಮೆಲ್ಲಮೆಲ್ಲಗೆ ಇಳಿಯುತ್ತಾ ಹೋದರೆ ಹೊಗೆಗೆ ದಾರಿ ಇಲ್ಲ. ಅಂದ ಹಾಗೆ ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗೇಜ್ ಮುಂಬೈಗಿಂತ ಎರಡು ಇಂಚಿನಷ್ಟು (ಪಾದರಸದ ಲೆಕ್ಕದಲ್ಲಿ) ಕಡಿಮೆಯೇ ತೋರಿಸುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ. ನಿಮ್ಮ ಗಾಡಿ ಚಹಾ ಮುಗಿಯುವಷ್ಟರಲ್ಲಿ ಪೂರ್ತಿ ಸರಿಹೋಗುತ್ತದೆ ಅನ್ನುತ್ತೀರಿ, ಹಾಗಾಗಿ ಇದರ ಮೇಲೆ ನನಗೆ ಅನುಮಾನ ಕಡಿಮೆ.

ಕೂಲೆಂಟ್ ಸೆನ್ಸರ್, ಆಕ್ಸಿಜನ್ ಸೆನ್ಸರ್ ಕೂಡ ಬಿಸಿಯಾದ ಮೇಲೆ ಕಾಟ ಕೊಡುತ್ತವೆ. ಆಗ ಪೆಟ್ರೋಲ್ ವಾಸನೆ, ಕಪ್ಪು ಹೊಗೆ, ಮೈಲೇಜ್ ಕುಸಿತ ಜೊತೆಗಿರುತ್ತದೆ. ಪಿಯುಸಿ ಚೀಟಿಯಲ್ಲಿ ಸಿಓ (ಕಾರ್ಬನ್ ಮೊನಾಕ್ಸೈಡ್) ಅಂಕಿ ಹಿಂದಿನ ಸಲಕ್ಕಿಂತ ಏರಿದೆಯಾ ನೋಡಿ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಮಾತ್ರ ತರಿಸಬೇಡಿ. ನಮ್ಮಲ್ಲಿ ಓಬಿಡಿ, ಅಂದರೆ ಗಾಡಿ ತನ್ನ ದೋಷವನ್ನು ತಾನೇ ಗುರುತಿಸಿ ಸ್ಕ್ಯಾನರಿಗೆ ಹೇಳುವ ವ್ಯವಸ್ಥೆ, ಕಡ್ಡಾಯ ಆಗುತ್ತಾ ಬಂದದ್ದು 2010ರ ನಂತರ, ನಿಮ್ಮ ಗಾಡಿ ಅದರ ಜೊತೆ ಮಾತೇ ಆಡದಿರಬಹುದು.

ಕೊನೆಯದು ವಾಲ್ವ್. ವರ್ಷಗಟ್ಟಲೆ ಗ್ಯಾಸಿನಲ್ಲಿ ಓಡಿದ ಇಂಜಿನ್ನಿನಲ್ಲಿ ವಾಲ್ವ್ ಕೂರುವ ಸೀಟ್ ಸವೆದು, ವಾಲ್ವ್‌ಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು ಕಡಿಮೆಯಾಗುತ್ತದೆ. ಬಿಸಿಯಾಗಿ ಹಿಗ್ಗಿದಾಗ ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ, ಕಂಪ್ರೆಶನ್ ಸೋರುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಇಂಜಿನ್ ನಡುಗುತ್ತಿದ್ದರೆ ಇದನ್ನು ಮರೆಯಬೇಡಿ. ಕಂಪ್ರೆಶನ್ ಟೆಸ್ಟನ್ನು ತಣ್ಣಗಿದ್ದಾಗ ಒಮ್ಮೆ, ಬಿಸಿಯಾದಾಗ ಒಮ್ಮೆ ಮಾಡಿಸಿ. ಆ ಸಂದು ಅಡ್ಜಸ್ಟ್ ಮಾಡುವಂಥ ಇಂಜಿನ್ ಆದರೆ ಕಡಿಮೆ ಖರ್ಚಿನಲ್ಲೇ ಮುಗಿಯಬಹುದು.

ನಾಳೆಯೇ ಟ್ಯಾಂಕಿಗೆ ಹತ್ತು ಹನ್ನೆರಡು ಲೀಟರ್ ಪೆಟ್ರೋಲ್ ಹಾಕಿಸಿ ಅದೇ ಘಾಟ್ ಹತ್ತಿಸಿ, ಸ್ವಿಚ್ ಬದಲಿಸಿ ನೋಡಿ. ಪಂಪೇ ಅಂತ ಗೇಜ್ ಹೇಳಿದರೆ ನಾನಾ ಪೇಠದ ಸ್ಪೇರ್ ಅಂಗಡಿಗಳಲ್ಲಿ ವಿಚಾರಿಸಿ. ಬಹಳಷ್ಟು ಹಳೇ ಮಾಡೆಲ್‌ಗಳಿಗೆ ಒಳಗಿನ ಮೋಟರ್ ಮಾತ್ರ ಬೇರೆಯಾಗಿ ಸಿಗುತ್ತದೆ, ಪೂರ್ತಿ ಸೆಟ್ ಕೊಳ್ಳಬೇಕಿಲ್ಲ. ಜೊತೆಗೆ ಅದರ ಜಾಲರಿ ಫಿಲ್ಟರ್ ಮತ್ತು ಪಂಪ್ ಕಟಾಫ್ ರಿಲೇ ಕೂಡ ಹಾಕಿಸಿಬಿಡಿ.