ವೆಬ್ ಪುಟದಲ್ಲಿ ‘ಕೊನೆಯ ಬಾರಿ ತಿದ್ದಿದ ದಿನಾಂಕ’ ಯಾಕೆ ಬೇಕು?

ಪುಟದಲ್ಲಿರುವ ಮಾಹಿತಿಯನ್ನು ಇವತ್ತು ನಂಬಬಹುದಾ ಅಂತ ಓದುವವರಿಗೆ ಗೊತ್ತಾಗಬೇಕು, ಅದಕ್ಕೆ.

ನಮ್ಮ ಕಾರವಾರವನ್ನೇ ನೋಡಿ. ಕೊಂಕಣ ರೈಲ್ವೆಯಲ್ಲಿ ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ ಇರುತ್ತದೆ, ಆಗ ರೈಲುಗಳು ನಿಧಾನವಾಗಿ ಓಡುತ್ತವೆ. ದಿನಾಂಕವೇ ಇಲ್ಲದ ಪುಟ ಮಳೆಗಾಲದ್ದೋ ಬೇಸಿಗೆಯದ್ದೋ ಹೇಗೆ ತಿಳಿಯಬೇಕು? ಕಾಳಿ ನದಿಯ ಹಳೆ ಸೇತುವೆ 2024ರ ಆಗಸ್ಟ್ 7ರಂದು ಕುಸಿಯಿತು. ಅದಕ್ಕೂ ಮೊದಲು ಬರೆದ ಗೋವಾ ದಾರಿಯ ವಿವರ ಹಾಗೇ ಉಳಿದಿದ್ದರೆ, ಹೊಸಬರು ಅದನ್ನೇ ನಿಜ ಅಂದುಕೊಳ್ಳುತ್ತಾರೆ ಅಲ್ವಾ? ಶಿರಸಿಯ ಅಡಿಕೆ ದರಕ್ಕಂತೂ ದಿನಾಂಕ ಇಲ್ಲದಿದ್ದರೆ ಅರ್ಥವೇ ಇಲ್ಲ.

ಪುಟದ ಅಡಿಯಲ್ಲಿರುವ ಕಾಪಿರೈಟ್ ವರ್ಷವನ್ನು ನೆಚ್ಚಬೇಡಿ. ಎಷ್ಟೋ ಕಡೆ ಅದು ತನ್ನಷ್ಟಕ್ಕೇ ಬದಲಾಗುತ್ತದೆ. ಸರ್ವರ್, ಅಂದರೆ ಪುಟವನ್ನು ಇಟ್ಟುಕೊಂಡು ನಮಗೆ ಕಳಿಸುವ ಕಂಪ್ಯೂಟರ್, ಪುಟದ ಜೊತೆ ಕಳಿಸುವ ‘ಲಾಸ್ಟ್ ಮಾಡಿಫೈಡ್’ (ಕೊನೆಯ ಬಾರಿ ಬದಲಾದ) ಸಮಯವೂ ಹಾಗೇ. ಬರಹದಲ್ಲಿ ಒಂದಕ್ಷರ ಬದಲಾಗದಿದ್ದರೂ ಅದು ಹೊಸ ದಿನಾಂಕ ತೋರಿಸಬಹುದು. ಹಾಗಾಗಿ ಬರೆದವರೇ ದಿನಾಂಕ ಹಾಕಬೇಕು. 05/06 ಅಂತ ಹಾಕಿದರೆ ಜೂನ್ 5ರೋ ಮೇ 6ರೋ ತಿಳಿಯುವುದಿಲ್ಲ, ತಿಂಗಳ ಹೆಸರನ್ನೇ ಬರೆಯಿರಿ. ಏನು ತಿದ್ದಿದಿರಿ ಅಂತ ಒಂದು ಸಾಲು ಸೇರಿಸಿದರೆ ಇನ್ನೂ ಒಳ್ಳೆಯದು.