ನಿರ್ಜನ ದ್ವೀಪದಲ್ಲಿ ನಡೆಯುವ ಪತ್ತೇದಾರಿ ಕಾದಂಬರಿಗೆ ವಾತಾವರಣ ಕಟ್ಟುವುದು ಹೇಗೆ?

ಕಾರವಾರದ ಕಡೆಯ ಒಂದು ಕಲ್ಪಿತ ದ್ವೀಪ, ಮಳೆಗಾಲ, ಒಂಬತ್ತು ಜನ, ಒಂದು ಕೊಲೆ. ಮಂಜು, ಮಳೆ, ಪಾಳು ಕೋಟೆ, ಇವುಗಳಲ್ಲಿ ಯಾವುದನ್ನು ಹೆಚ್ಚು ವರ್ಣಿಸಲಿ ಅಂತ ಕೇಳಿದ್ದೀರಿ. ನನ್ನ ಮೊದಲ ಕರಡೂ ಇಲ್ಲಿಂದಲೇ ಶುರುವಾಗಿತ್ತು. ಅದರಲ್ಲಿ ಅರ್ಧಕ್ಕರ್ಧ ಕಿತ್ತು ಹಾಕಬೇಕಾಗಿ ಬಂತು. ವರ್ಣನೆ ಕಡಿಮೆಯಾಗಿತ್ತು ಅಂತಲ್ಲ, ಒಂದು ರಾತ್ರಿಯ ನೀರಿನ ಮಟ್ಟ ತಪ್ಪಾಗಿತ್ತು.

ದೃಶ್ಯ ಹೀಗಿತ್ತು. ದೊಡ್ಡ ದ್ವೀಪ, ಅದರ ಪಕ್ಕ ಒಂದು ಮರಿದ್ವೀಪ, ನಡುವೆ ಇಳಿತದಲ್ಲಿ ಮಾತ್ರ ತಲೆ ಎತ್ತುವ ಬಂಡೆಸಾಲು. ಹುಣ್ಣಿಮೆಯ ನಡುರಾತ್ರಿ ಕೊಲೆಗಾರ ಆ ಬಂಡೆಗಳ ಮೇಲೆ ನಡೆದು ದಾಟುತ್ತಾನೆ. ಬೆಳದಿಂಗಳಲ್ಲಿ ಅವನ ನೆರಳನ್ನು ಒಬ್ಬಳು ಕಿಟಕಿಯಿಂದ ನೋಡುತ್ತಾಳೆ. ಓದಲು ಚೆಂದ. ಆದರೆ ನಮ್ಮ ಕಡಲಲ್ಲಿ ಅದು ಆಗುವ ಮಾತಲ್ಲ.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ನಿಮ್ಮ ಕಥೆಯಲ್ಲೂ ಇಂಥ ರಾತ್ರಿ ಬಂದೇ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳಂದು ಉತ್ತರ ಕನ್ನಡದ ತೀರದಲ್ಲಿ ನೀರು ತುಂಬುವುದು ಹೆಚ್ಚುಕಡಿಮೆ 11–12 ಗಂಟೆಯ ಹೊತ್ತಿಗೆ, ಹಗಲೂ ಅಷ್ಟೇ, ರಾತ್ರಿಯೂ ಅಷ್ಟೇ. ಇಳಿಯುವುದು ಬೆಳಗಿನ ಜಾವ ಮತ್ತು ಸಂಜೆ 5–6ರ ಸುಮಾರಿಗೆ. ಇದು ಈ ವರ್ಷ ಹೀಗೆ, ಮುಂದಿನ ವರ್ಷ ಹಾಗೆ ಅನ್ನುವಂಥದ್ದಲ್ಲ. ಒಂದು ಊರಿನ ದಡದಲ್ಲಿ ಹುಣ್ಣಿಮೆಗೂ ಗಡಿಯಾರಕ್ಕೂ ಇರುವ ಈ ಸಂಬಂಧ ಬದಲಾಗುವುದಿಲ್ಲ. ಅಂದರೆ ನನ್ನ ಕೊಲೆಗಾರ ಕಾಲಿಟ್ಟ ಗಳಿಗೆಯಲ್ಲಿ ಆ ಬಂಡೆಸಾಲಿನ ಮೇಲೆ ಆಳೆತ್ತರದ ನೀರು ನಿಂತಿರುತ್ತಿತ್ತು.

ಹಾಗಾದರೆ ತಿಥಿ ಬದಲಿಸೋಣ ಅಂತ ಕೂತೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಳೆಯ ಲೆಕ್ಕದಲ್ಲಿ ಎರಡು ಗಳಿಗೆ ಅಂದರೆ 48 ನಿಮಿಷ, ಹಾಗಾಗಿ ತಿಥಿಗೆ ಎರಡು ಗಳಿಗೆ ಅಂತ ಇಟ್ಟುಕೊಂಡರೆ ಪಂಚಾಂಗವೊಂದರಿಂದಲೇ ಕೆಲಸ ನಡೆಯುತ್ತದೆ. ಪಂಚಮಿಯ ಹೊತ್ತಿಗೆ ನಾಲ್ಕು ಗಂಟೆ ಸರಿದಿರುತ್ತದೆ, ಅಷ್ಟಮಿಗೆ ಆರು ಗಂಟೆಗೂ ಮೀರಿ. ಅಲ್ಲಿಗೆ ನಡುರಾತ್ರಿಗೆ ಇಳಿತ ಸಿಕ್ಕಿತು. ಆದರೆ ಅಷ್ಟಮಿಯ ಏರಿಳಿತ ಬಲು ಸಣ್ಣದು, ಹುಣ್ಣಿಮೆಯಷ್ಟು ನೀರು ಹಿಂದೆ ಸರಿಯುವುದಿಲ್ಲ, ಬಂಡೆಸಾಲು ಮೇಲೇಳುವುದೇ ಇಲ್ಲ. ಚಂದ್ರನೂ ಅರ್ಧ: ಶುಕ್ಲಪಕ್ಷವಾದರೆ ನಡುರಾತ್ರಿಗೆ ಮುಳುಗುವ ಹೊತ್ತು, ಕೃಷ್ಣಪಕ್ಷವಾದರೆ ಆಗತಾನೇ ಹುಟ್ಟುವ ಹೊತ್ತು. ನಡುರಾತ್ರಿ, ತುಂಬು ಬೆಳದಿಂಗಳು, ಬರಿದಾದ ಬಂಡೆ, ಈ ಮೂರೂ ಒಟ್ಟಿಗೆ ಸಿಗುವ ರಾತ್ರಿಯೇ ಅಲ್ಲಿಲ್ಲ.

ಸಿಗುವುದು ಬೆಳಗಿನ ಜಾವ. ಅದೂ ಜನವರಿಯ ಹುಣ್ಣಿಮೆ. ಆಗ ಸೂರ್ಯ ಏಳುವುದು 7ರ ಹತ್ತಿರ, 5:30ಕ್ಕೆ ಇನ್ನೂ ಕತ್ತಲು, ನೀರು ತಳ ಮುಟ್ಟಿದೆ, ಚಂದ್ರ ಪಡುವಣಕ್ಕೆ ವಾಲಿ ಕಡಲ ಮೇಲೆ ಉದ್ದಕ್ಕೆ ಬೆಳಕು ಚೆಲ್ಲಿದ್ದಾನೆ. ಮೇ ತಿಂಗಳಲ್ಲಾದರೆ ಅದೇ 5:30ಕ್ಕೆ ಬೆಳಕು ಹರಿಯತೊಡಗಿರುತ್ತದೆ, ಕೆಲಸಕ್ಕೆ ಬಾರದು. ಬೆಳಕು ಪಡುವಣದಿಂದ ಬರುವುದರಿಂದ ನೋಡುವವಳ ಕಿಟಕಿಯೂ ಪಡುವಣಕ್ಕೇ ತೆರೆಯಬೇಕು. ನನ್ನ ಕಥೆಯವಳದು ಮೂಡಣದ ಕೋಣೆ. ಕೋಣೆ ಬದಲಿಸಿದೆ, ಪಕ್ಕದ ಕೋಣೆಯವರ ಸಾಕ್ಷ್ಯ ಬದಲಾಯಿತು, ಅಲ್ಲಿಂದ ಇಡೀ ಕಥೆ ಸಡಿಲವಾಯಿತು. ಅರ್ಧ ಪುಸ್ತಕ ಹೋದದ್ದು ಹೀಗೆ.

ದಾಟಲು ಎಷ್ಟು ಹೊತ್ತು ಸಿಗುತ್ತದೆ ಅನ್ನುವುದಕ್ಕೆ ನಾವಿಕರ ಹನ್ನೆರಡನೇ ಭಾಗದ ಲೆಕ್ಕವಿದೆ. ಇಳಿತದಿಂದ ಉಬ್ಬರಕ್ಕೆ ಆರು ಗಂಟೆ. ಒಟ್ಟು ಏರಿಕೆಯನ್ನು 12 ಪಾಲು ಮಾಡಿದರೆ ಗಂಟೆಗಂಟೆಗೂ ಏರುವುದು 1, 2, 3, 3, 2, 1 ಪಾಲು. ಅಂತರ 1.8 ಮೀಟರ್ ಅಂತ ಇಟ್ಟುಕೊಂಡರೆ ಮೊದಲ ಗಂಟೆಯಲ್ಲಿ ಏರುವುದು ಬರೀ 15 ಸೆಂಟಿಮೀಟರ್, ಮೂರನೆಯ ಗಂಟೆಯಲ್ಲಿ 45. ಹೊರಟವನಿಗೆ ಕಡಲು ನಿಂತ ಹಾಗೇ ಕಾಣುತ್ತದೆ, ತಡಮಾಡಿ ವಾಪಸು ಬರುವವನ ಸೊಂಟಕ್ಕೆ ಬಂದಿರುತ್ತದೆ. ಭಯ ಹುಟ್ಟಿಸಲು ಬೇರೆ ವಿಶೇಷಣ ಬೇಕಿಲ್ಲ. ಕಥೆ ನಿಜವಾದ ಒಂದು ವರ್ಷದಲ್ಲಿ ನಡೆಯುವುದಾದರೆ ಮಾತ್ರ ಸರ್ವೆ ಆಫ್ ಇಂಡಿಯಾ ಪ್ರಕಟಿಸುವ ಉಬ್ಬರವಿಳಿತದ ಕೋಷ್ಟಕ ತೆಗೆದು ತಾಳೆ ನೋಡಿ.

ಇನ್ನು ನಿಮ್ಮ ಮಳೆಗಾಲ. ಅದನ್ನು ಬಿಟ್ಟುಬಿಡಿ ಅಂತಲೇ ಹೇಳುತ್ತೇನೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಪ್ರವಾಸಿ ದೋಣಿಗಳೂ ಮಳೆಗಾಲಕ್ಕೆ ನಿಂತಿರುತ್ತವೆ. ಆ ಕಡಲಿನಲ್ಲಿ ಒಂಬತ್ತು ಜನರನ್ನು ಕೂರಿಸಿಕೊಂಡು ಯಾವ ದೋಣಿಯವನೂ ಹೊರಡುವುದಿಲ್ಲ. ಜನ ದ್ವೀಪ ಸೇರಲು ಒಂದು ಕಾರಣ ಬೇಕು, ದೋಣಿ ಮರಳಿ ಬಾರದಿರಲು ಇನ್ನೊಂದು. ಕಾರವಾರದ ಕೂರ್ಮಗಡದಲ್ಲಿ ಜನವರಿಯಲ್ಲಿ ನರಸಿಂಹ ದೇವರ ಜಾತ್ರೆ ನಡೆಯುತ್ತದೆ, ದೋಣಿ ದೋಣಿ ಜನ ಹೋಗುತ್ತಾರೆ. ಅಂಥದ್ದೊಂದು ಜಾತ್ರೆ ನಿಮ್ಮ ದ್ವೀಪಕ್ಕೂ ಕೊಡಿ. ಹಗಲು ಕಾಲಿಡಲು ಜಾಗವಿಲ್ಲ, ಸಂಜೆ ಕೊನೆಯ ದೋಣಿ ಹೋದ ಮೇಲೆ ಎಲೆ ಅಲುಗಿದರೂ ಕೇಳುತ್ತದೆ. ಮೊಬೈಲು ಮಾತ್ರ ಮರೆಯಬೇಡಿ, ದಡಕ್ಕೆ ಇಷ್ಟು ಹತ್ತಿರ ಸಿಗ್ನಲ್ ಸಿಕ್ಕೀತು. ಕಥೆಯನ್ನು 1980ರ ದಶಕಕ್ಕೆ ಒಯ್ದರೆ ಸಲೀಸು.

ಮಂಜೂ ಬೇಡ. ಅದು ಉತ್ತರದ ತಣ್ಣನೆಯ ಕಡಲುಗಳ ಸರಕು. ನಮ್ಮಲ್ಲಿ ಇರುವುದು ಗಾಳಿ. ಚಳಿಗಾಲದ ರಾತ್ರಿಗಳಲ್ಲಿ ನೆಲದ ಗಾಳಿ ದಡದಿಂದ ಕಡಲಿಗೆ ಬೀಸುತ್ತದೆ. ಮೂರು-ನಾಲ್ಕು ಕಿಲೋಮೀಟರ್ ದೂರದ ದ್ವೀಪಕ್ಕೆ ದಡದ ಯಕ್ಷಗಾನದ ಚಂಡೆ ತೇಲಿ ಬರಬಹುದು, ದ್ವೀಪದಲ್ಲಿ ಕೂಗಿಕೊಂಡವಳ ದನಿ ಮಾತ್ರ ಗಾಳಿಗೆ ಎದುರಾಗಿ ದಡ ಮುಟ್ಟುವುದಿಲ್ಲ. ಕೊಲೆಯ ಹೊತ್ತಿಗೆ ಆಟ ಮುಗಿಯುವ ಹಂತದಲ್ಲಿರುತ್ತದೆ, ಚಂಡೆ ಏರುಗತಿಯಲ್ಲಿರುತ್ತದೆ. ಇದನ್ನು ಬಳಸಿ.

ವಾತಾವರಣ ಕಟ್ಟಲು ಒಂದೇ ಒಂದು ಸಾಮಾನು ಎಷ್ಟು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಸ್ಕಾಟ್ಲೆಂಡಿನ ಫ್ಲಾನನ್ ದ್ವೀಪಗಳ ಪ್ರಕರಣ ನೋಡಿ. 1900ರ ಡಿಸೆಂಬರ್ 26ರಂದು ಪರಿಹಾರ ಹಡಗು ತಲುಪಿದಾಗ ದೀಪಸ್ತಂಭದ ಮೂವರೂ ಕಾವಲುಗಾರರು ಇರಲಿಲ್ಲ. ಎರಡು ಜೊತೆ ಮಳೆ ಉಡುಪು ಹೋಗಿತ್ತು, ಒಬ್ಬನದು ಗೂಟದಲ್ಲೇ ಉಳಿದಿತ್ತು. ಪಶ್ಚಿಮದ ದೋಣಿಕಟ್ಟೆಯ ಬಳಿ ಕಡಲಿಂದ ಸುಮಾರು 33 ಮೀಟರ್ ಎತ್ತರದಲ್ಲಿದ್ದ ಪೆಟ್ಟಿಗೆ ಒಡೆದು ಹಗ್ಗಗಳು ಚೆಲ್ಲಾಪಿಲ್ಲಿಯಾಗಿದ್ದವು. ಮುಟ್ಟದೇ ಬಿಟ್ಟ ಊಟ, ಉರುಳಿದ ಕುರ್ಚಿ ಅಂತ ಜನ ಹೇಳುವುದು 1912ರ ಒಂದು ಕವಿತೆ ಹಬ್ಬಿಸಿದ ಚಿತ್ರ. ನನ್ನನ್ನು ಕೇಳಿದರೆ ಕುರ್ಚಿಗಿಂತ ಆ ಉಡುಪೇ ಹೆಚ್ಚು ಕಾಡುತ್ತದೆ: ಡಿಸೆಂಬರಿನ ಚಳಿಯಲ್ಲಿ ಅವನು ಹಾಗೇ ಓಡಿದ್ದು ಯಾಕೆ?

ನಿಮ್ಮ ದ್ವೀಪದ ಉಡುಪು ಯಾವುದು? ನನ್ನ ಸಲಹೆ ಕುಡಿಯುವ ನೀರು, ಬಾವಿ ಉಪ್ಪಾದ ದ್ವೀಪದಲ್ಲಿ. ಕುಡಿಯಲು, ಬೇಯಿಸಲು ತಲೆಗೆ ದಿನಕ್ಕೆ 4 ಲೀಟರ್ ಅಳೆದು ಕೊಡುತ್ತಾರೆ ಅನ್ನಿ, ಒಂಬತ್ತು ಜನ, ನಾಲ್ಕು ದಿನ: 144 ಲೀಟರ್. 20 ಲೀಟರಿನ ಎಂಟು ಕ್ಯಾನು ತಂದಿದ್ದಾರೆ. ಕೊಲೆ ನಾಲ್ಕನೆಯ ಬೆಳಗಿನ ಜಾವ, ಹಾಗಾಗಿ ಅದಕ್ಕೂ ಮೊದಲಿನ ಲೆಕ್ಕದಲ್ಲಿ ಸತ್ತವನ ಪಾಲನ್ನು ಕಳೆಯುವ ತಾಪತ್ರಯವಿಲ್ಲ. ಮೂರನೆಯ ರಾತ್ರಿ ಊಟದ ಪಾತ್ರೆ ತೊಳೆದಿಟ್ಟು ಅಡುಗೆಯವನು ಕ್ಯಾನುಗಳ ಬಳಿ ಬರುತ್ತಾನೆ. ಎರಡು ಮುಚ್ಚಳ ತೆರೆಯದವು, ಸರಿ. ಮೂರನೆಯದರಲ್ಲಿ 12 ಲೀಟರ್ ಇರಬೇಕು. ಎತ್ತುತ್ತಾನೆ, ಹಗುರ. ಕುಲುಕುತ್ತಾನೆ, ಸದ್ದಿಲ್ಲ. 12 ಲೀಟರ್ ಅಂದರೆ ಒಬ್ಬ ಮನುಷ್ಯನ ಮೂರು ದಿನದ ನೀರು.